ಕಾಲುವೆಯ ನೀರೂ ಗಣಕಯಂತ್ರದ ಪಾಠವೂ

ರಾಯಚೂರು ಜಿಲ್ಲೆಯ ಬಳಗಾನೂರಿನ ಸುತ್ತಿನ ನೆಲ ಕಪ್ಪು ಎರೆಯದು. ಹಿಂದೆ ಸಿಂಧನೂರು ತಾಲ್ಲೂಕಿಗೆ ಸೇರಿದ್ದು ಈಗ ಮಸ್ಕಿ ತಾಲ್ಲೂಕಿನಲ್ಲಿರುವ ಈ ಊರಿನ ಕಡೆಯಲ್ಲಿ ಮುಂಗಾರಿನ ದಿನಗಳು ಬಂದುವೆಂದರೆ ಎಲ್ಲರ ಬಾಯಲ್ಲಿಯೂ ಒಂದೇ ಪ್ರಶ್ನೆ: ಈ ವರ್ಷ ಕಾಲುವೆಗೆ ನೀರು ಎಂದು ಬಿಡುತ್ತಾರೆ? ಎಷ್ಟು ದಿನ ಬಿಡುತ್ತಾರೆ? ಅದರ ಹಿಂದೆಯೇ ಎರಡನೆಯ ಪ್ರಶ್ನೆ ಬರುತ್ತದೆ: ಎಷ್ಟು ಎಕರೆಗೆ ಭತ್ತ ನಾಟಿ ಮಾಡಬೇಕು, ಎಷ್ಟು ಎಕರೆಗೆ ಹತ್ತಿ ಬಿತ್ತಬೇಕು? ಭತ್ತ ನೀರನ್ನು ಬಹಳವಾಗಿ ಬೇಡುತ್ತದೆ, ಹತ್ತಿ ಆಳುಗಳನ್ನು ಬಹಳವಾಗಿ ಬೇಡುತ್ತದೆ, ನೆಲವೋ ಇದ್ದಷ್ಟೇ. ರೈತನು ಈ ಮೂರನ್ನೂ ಮನಸ್ಸಿನಲ್ಲಿಯೇ ತೂಗಿ ನೋಡಿ ಒಂದು ತೀರ್ಮಾನಕ್ಕೆ ಬರುತ್ತಾನೆ.

ಈ ತೂಗಾಟಕ್ಕೂ ಒಂದು ಗಣಿತವುಂಟು. ಲೀನಿಯರ್ ಪ್ರೋಗ್ರಾಮಿಂಗ್ ಎಂದು ಅದರ ಹೆಸರು; ಕನ್ನಡದಲ್ಲಿ ಅದನ್ನು ರೇಖಾತ್ಮಕ ಯೋಜನಾವಿಧಾನ ಎನ್ನಬಹುದು. ಇದು ದೂರದ ವಿಶ್ವವಿದ್ಯಾನಿಲಯಗಳ ವಿದ್ವಾಂಸರಿಗೆ ಮಾತ್ರ ಮೀಸಲಾದ ವಿಷಯವಲ್ಲ. ನಮ್ಮ ರಾಜ್ಯದ ದ್ವಿತೀಯ ಪಿ.ಯು.ಸಿ. ಗಣಿತದ ಪಠ್ಯದಲ್ಲಿ ಇದಕ್ಕೊಂದು ಅಧ್ಯಾಯವೇ ಇದೆ. ಆದರೆ ಬಹುಮಟ್ಟಿಗೆ ಅದು ಪರೀಕ್ಷೆಗಾಗಿ ಗೆರೆ ಎಳೆದು, ಮೂಲೆ ಗುರುತಿಸಿ, ಉತ್ತರ ಬರೆದು ಮರೆತುಬಿಡುವ ಅಧ್ಯಾಯವಾಗಿ ಉಳಿದಿದೆ. ಗಣಕಯಂತ್ರದ ನೆರವಿನಿಂದ ಅದನ್ನು ಹೇಗೆ ಕಲಿಸಬಹುದು, ಯಂತ್ರಕ್ಕೆ ಯಾವ ಕೆಲಸವನ್ನು ಒಪ್ಪಿಸಬೇಕು, ಯಾವುದನ್ನು ಒಪ್ಪಿಸಬಾರದು ಎಂಬುದನ್ನು ಕಾಲುವೆಯ ಉದಾಹರಣೆಯನ್ನೇ ಹಿಡಿದು ವಾಚಕರೊಡನೆ ವಿಚಾರಮಾಡುವುದು ಈ ಲೇಖನದ ಉದ್ದೇಶ.

ನೀರಿನ ಹಿನ್ನೆಲೆ

ಮೊದಲು ಕಾಲುವೆಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಅದರ ಎಡದಂಡೆಯ ಕಾಲುವೆ ಸುಮಾರು 227 ಕಿಲೋಮೀಟರು ಹರಿದು ಕೊಪ್ಪಳ, ರಾಯಚೂರು ಜಿಲ್ಲೆಗಳ ನೆಲಕ್ಕೆ ನೀರುಣಿಸುತ್ತದೆ. ಇದನ್ನು ಯೋಜಿಸಿದವರು ಭತ್ತಕ್ಕೆ ಸ್ವಲ್ಪ ಭಾಗವನ್ನು ಮಾತ್ರ ಗೊತ್ತುಮಾಡಿ, ಹೆಚ್ಚಿನ ನೆಲವನ್ನು ಜೋಳ, ಹತ್ತಿ ಮೊದಲಾದ ಕಡಮೆ ನೀರಿನ ಬೆಳೆಗಳಿಗೆ ಮೀಸಲಿಟ್ಟಿದ್ದರು. ಇರುವ ನೀರನ್ನು ತೆಳುವಾಗಿ ಹರಡಿ ಹೆಚ್ಚು ಮಂದಿಯನ್ನು ಬರದಿಂದ ಕಾಪಾಡಬೇಕೆಂಬುದು ಅವರ ಆಶಯ. ಆದರೆ ನೀರು ಮೊದಲು ಸಿಕ್ಕಿದ ಕಡೆಗಳಲ್ಲಿ ಭತ್ತದ ಗದ್ದೆಗಳು ಹಬ್ಬಿದುವು. ಅತ್ತ ಜಲಾಶಯದಲ್ಲಿ ಹೂಳು ತುಂಬುತ್ತ ಬಂದಿತು: ಆರಂಭದಲ್ಲಿ ಸುಮಾರು 132 ಟಿ.ಎಂ.ಸಿ. ಅಡಿಯಷ್ಟಿದ್ದ ಅದರ ಸಾಮರ್ಥ್ಯವು ಸುಮಾರು 105 ಟಿ.ಎಂ.ಸಿ. ಅಡಿಗೆ ಇಳಿದಿದೆ. ಬೇಡಿಕೆ ಏರಿತು, ಪಾತ್ರೆ ಕಿರಿದಾಯಿತು. ಇದರ ಪೆಟ್ಟು ಕಾಲುವೆಯ ಕೆಳಭಾಗದ ರೈತರಿಗೆ ಬಿದ್ದಿತು. ನೀರು ಕೊನೆಯ ತೂಬಿನವರೆಗೆ ತಲುಪಲಿಲ್ಲವೆಂಬ ಕೂಗು ಆ ಸೀಮೆಯಲ್ಲಿ ವರ್ಷವರ್ಷವೂ ಕೇಳಿಬರುವುದುಂಟು.

ಇಂಥ ನಾಡಿನ ವಿದ್ಯಾರ್ಥಿಗೆ ಈ ಗಣಿತವನ್ನು ಕಲಿಸುವಾಗ ಎಲ್ಲಿಯೋ ಇರುವ ಕಾರ್ಖಾನೆಯೊಂದರ ಮೇಜು ಕುರ್ಚಿಗಳ ಲೆಕ್ಕವನ್ನು ಹುಡುಕಿ ತರುವ ಅಗತ್ಯವಿಲ್ಲ. ಅವನ ಮನೆಯ ಹೊಲವೇ ಸಾಕು.

ಕಾಗದದ ಮೇಲಿನ ಪಾಠ

ಒಂದು ಮನೆತನಕ್ಕೆ 10 ಎಕರೆ ಹೊಲವಿದೆ ಎಂದಿಟ್ಟುಕೊಳ್ಳೋಣ. ಒಂದು ಎಕರೆಯ ಮೇಲೆ ಎರಡು ಅಡಿ ಎತ್ತರಕ್ಕೆ ನಿಲ್ಲುವಷ್ಟು ನೀರನ್ನು ಒಂದು ಪಾಲು ಎಂದು ಕರೆಯೋಣ. ಭತ್ತಕ್ಕೆ ಎಕರೆಗೆ 2 ಪಾಲು ನೀರು, 30 ಆಳಿನ ದಿನಗಳು ಬೇಕು. ಹತ್ತಿಗೆ ಎಕರೆಗೆ 1 ಪಾಲು ನೀರು ಸಾಕು. ಆದರೆ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಎಲ್ಲ ಸೇರಿ 60 ಆಳಿನ ದಿನಗಳು ಬೇಕು. ಈ ಮನೆಗೆ ಒಟ್ಟು ದೊರೆಯುವುದು 14 ಪಾಲು ನೀರು ಮತ್ತು 540 ಆಳಿನ ದಿನಗಳು. ಖರ್ಚು ಕಳೆದು ಎಕರೆಗೆ ಭತ್ತದಿಂದ 24,000 ರೂಪಾಯಿ, ಹತ್ತಿಯಿಂದ 18,000 ರೂಪಾಯಿ ಉಳಿಯುತ್ತದೆ. ಈ ಅಂಕಿಗಳು ಪಾಠಕ್ಕಾಗಿ ನಾವು ಕಲ್ಪಿಸಿಕೊಂಡವು. ವಾಚಕರು ತಮ್ಮ ಹೊಲದ ಅಂಕಿಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಬಹುದು.

ಭತ್ತದ ಎಕರೆಗಳನ್ನು ‘ಭ’ ಎಂದೂ ಹತ್ತಿಯ ಎಕರೆಗಳನ್ನು ‘ಹ’ ಎಂದೂ ಬರೆದರೆ ನಿರ್ಬಂಧಗಳು ಮೂರಾಗುತ್ತವೆ. ನೆಲದ್ದು: ಭ + ಹ ಎಂಬುದು 10ನ್ನು ಮೀರಬಾರದು. ನೀರಿನದು: 2ಭ + ಹ ಎಂಬುದು 14ನ್ನು ಮೀರಬಾರದು. ಆಳಿನದು: 30ಭ + 60ಹ ಎಂಬುದು 540ನ್ನು ಮೀರಬಾರದು. ಭ ಆಗಲಿ ಹ ಆಗಲಿ ಸೊನ್ನೆಗಿಂತ ಕಡಮೆಯಾಗಲಾರದೆಂಬುದು ಹೇಳದೆಯೇ ತಿಳಿಯುತ್ತದೆ. ಇವುಗಳಿಗೆ ಒಳಪಟ್ಟು 24,000ಭ + 18,000ಹ ಎಂಬ ಆದಾಯವನ್ನು ಆದಷ್ಟು ಹೆಚ್ಚಿಸಬೇಕು, ಇದು ಗುರಿ. ಎಲ್ಲಿಯೂ ಭ ಮತ್ತು ಹ ಒಂದನ್ನೊಂದು ಗುಣಿಸಿಕೊಂಡಿಲ್ಲ, ವರ್ಗವಾಗಿಲ್ಲ. ಎರಡು ಎಕರೆಗೆ ಒಂದು ಎಕರೆಯ ಎರಡರಷ್ಟು ನೀರು, ಎರಡರಷ್ಟು ಆದಾಯ. ಇದರಿಂದಲೇ ಪ್ರತಿಯೊಂದು ನಿರ್ಬಂಧವೂ ಗ್ರಾಫ್ ಕಾಗದದ ಮೇಲೆ ನೇರವಾದ ಗೆರೆಯಾಗುತ್ತದೆ. ವಿಧಾನಕ್ಕೆ ರೇಖಾತ್ಮಕವೆಂಬ ಹೆಸರು ಬಂದುದೂ ಇದರಿಂದಲೇ.

ಮೂರು ಗೆರೆಗಳನ್ನು ಎಳೆದು, ಎಲ್ಲ ನಿರ್ಬಂಧಗಳಿಗೂ ಒಪ್ಪುವ ಭಾಗವನ್ನು ಗುರುತಿಸಿದರೆ ಐದು ಮೂಲೆಗಳ ಒಂದು ಆಕೃತಿ ದೊರೆಯುತ್ತದೆ. ಅದರೊಳಗಿನ ಪ್ರತಿಯೊಂದು ಬಿಂದುವೂ ಸಾಧ್ಯವಾದ ಒಂದೊಂದು ಬೆಳೆಯೋಜನೆ. ಅವು ಲೆಕ್ಕವಿಲ್ಲದಷ್ಟಿವೆ. ಆದರೆ ಅತ್ಯುತ್ತಮವಾದುದನ್ನು ಹುಡುಕುವುದಕ್ಕೆ ಮೂಲೆಗಳನ್ನು ಮಾತ್ರ ನೋಡಿದರೆ ಸಾಕೆಂಬುದೇ ಈ ಗಣಿತದ ಸೊಗಸು. ಏಕೆಂದರೆ ಸಮಾನ ಆದಾಯ ಕೊಡುವ ಬಿಂದುಗಳೆಲ್ಲ ಒಂದು ನೇರ ಗೆರೆಯ ಮೇಲೆ ಬೀಳುತ್ತವೆ. ಆ ಗೆರೆಯನ್ನು ಅದಕ್ಕೇ ಸಮಾಂತರವಾಗಿ ಹೊರಹೊರಕ್ಕೆ ಸರಿಸುತ್ತ ಹೋದರೆ ಅದು ಆಕೃತಿಯನ್ನು ಬಿಟ್ಟುಹೋಗುವ ಕೊನೆಯ ಕ್ಷಣದಲ್ಲಿ ಯಾವುದಾದರೊಂದು ಮೂಲೆಯನ್ನು ಮುಟ್ಟಿಯೇ ಇರಬೇಕು.

ಮೂಲೆಗಳ ಆದಾಯವನ್ನು ನೋಡೋಣ. ಏನನ್ನೂ ಬೆಳೆಯದಿದ್ದರೆ ಸೊನ್ನೆ. ಭತ್ತವೊಂದನ್ನೇ 7 ಎಕರೆ ಬೆಳೆದರೆ 1,68,000 ರೂಪಾಯಿ. ಹತ್ತಿಯೊಂದನ್ನೇ 9 ಎಕರೆ ಬೆಳೆದರೆ 1,62,000. ಭತ್ತ 2 ಎಕರೆ, ಹತ್ತಿ 8 ಎಕರೆಯಾದರೆ 1,92,000. ಭತ್ತ 4 ಎಕರೆ, ಹತ್ತಿ 6 ಎಕರೆಯಾದರೆ 2,04,000. ಎಲ್ಲಕ್ಕಿಂತ ಮೇಲಾದುದು ಕೊನೆಯದು. ಇಷ್ಟನ್ನು ವಿದ್ಯಾರ್ಥಿ ಕಾಗದ, ಸೀಸದಕಡ್ಡಿ, ಅಳತೆಪಟ್ಟಿಗಳಿಂದ ತಾನೇ ಮಾಡಬೇಕು. ಈ ಹಂತದಲ್ಲಿ ಗಣಕಯಂತ್ರ ಬೇಡ. ತನ್ನ ಕೈಯಿಂದ ಗೆರೆ ಎಳೆಯದವನಿಗೆ ನಿರ್ಬಂಧವೆಂದರೇನೆಂಬುದು ಮನಸ್ಸಿಗೆ ನಾಟುವುದಿಲ್ಲ.

ಗೆರೆಗಳು ಅಲುಗಾಡುವಾಗ

ಕಾಗದದ ಮೇಲಿನ ಗೆರೆಗೆ ಒಂದು ಕೊರತೆಯುಂಟು: ಅದು ಅಲುಗಾಡದು. ಕಾಲುವೆಯ ನೀರು 14 ಪಾಲಿನ ಬದಲು 13 ಬಂದರೆ ಏನಾಗುತ್ತದೆಂದು ಕೇಳಿದರೆ ಚಿತ್ರವನ್ನು ಮತ್ತೆ ಮೊದಲಿನಿಂದ ಎಳೆಯಬೇಕು. ಗಣಕಯಂತ್ರದ ಪ್ರಯೋಜನ ಆರಂಭವಾಗುವುದು ಇಲ್ಲಿ.

ಜಿಯೋಜೀಬ್ರ ಎಂಬ ತಂತ್ರಾಂಶವನ್ನು ಗಣಿತದ ಅನೇಕ ಶಿಕ್ಷಕರು ಬಲ್ಲರು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿಯೂ ಇದನ್ನು ಹೇಳಿಕೊಡಲಾಗಿತ್ತು. ಅಸಮತೆಯೊಂದನ್ನು ಅದರಲ್ಲಿ ಬರೆದರೆ ಅದಕ್ಕೊಪ್ಪುವ ಭಾಗ ತಾನಾಗಿಯೇ ಬಣ್ಣ ತಳೆಯುತ್ತದೆ. ಎಲ್ಲ ನಿರ್ಬಂಧಗಳನ್ನೂ ಕೂಡಿಸಿ ಬರೆದರೆ ನಮ್ಮ ಐದು ಮೂಲೆಗಳ ಆಕೃತಿಯೊಂದೇ ಬಣ್ಣದಲ್ಲಿ ಉಳಿಯುತ್ತದೆ. ನೀರಿನ ಪ್ರಮಾಣಕ್ಕೆ ಒಂದು ಜಾರುಗುಂಡಿಯನ್ನೂ ಆದಾಯದ ಗೆರೆಗೆ ಮತ್ತೊಂದನ್ನೂ ಇಟ್ಟುಕೊಳ್ಳಬೇಕು. ನೀರಿನ ಗುಂಡಿಯನ್ನು ಹಿಂದಕ್ಕೆ ಎಳೆದರೆ ನೀರಿನ ಗೆರೆ ಒಳಕ್ಕೆ ಸರಿಯುತ್ತದೆ. ಅತ್ಯುತ್ತಮ ಮೂಲೆಯು ನೆಲದ ಗೆರೆಯ ಮೇಲೆ ಜಾರಿ ಹತ್ತಿಯ ಕಡೆಗೆ ಹೋಗುತ್ತದೆ. ನೀರು ಕಡಮೆಯಾದರೆ ಭತ್ತ ಕಡಮೆಮಾಡಿ ಹತ್ತಿ ಹೆಚ್ಚಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ, ಕಣ್ಣೆದುರಿಗೇ ಕಾಣುತ್ತದೆ.

ಎರಡನೆಯ ಸಾಧನ ಲೆಕ್ಕದ ಹಾಳೆ, ಎಂದರೆ ಸ್ಪ್ರೆಡ್‌ಶೀಟು. ಎಕ್ಸೆಲ್‌ನಲ್ಲಿಯೂ, ಉಚಿತವಾಗಿ ದೊರೆಯುವ ಲಿಬ್ರೆ ಆಫೀಸಿನ ಕ್ಯಾಲ್ಕ್‌ನಲ್ಲಿಯೂ ಸಾಲ್ವರ್ ಎಂಬ ಸಲಕರಣೆಯಿದೆ. ಎರಡು ಕೋಶಗಳನ್ನು ಭ ಮತ್ತು ಹ ಗಳಿಗಾಗಿ ಖಾಲಿ ಬಿಟ್ಟು, ಬೇರೆ ಕೋಶಗಳಲ್ಲಿ ನೆಲ, ನೀರು, ಆಳುಗಳ ಬಳಕೆಯನ್ನೂ ಆದಾಯವನ್ನೂ ಸೂತ್ರಗಳಾಗಿ ಬರೆಯಬೇಕು. ಬಳಿಕ ಯಾವ ಕೋಶವನ್ನು ಹೆಚ್ಚಿಸಬೇಕು, ಯಾವುವನ್ನು ಬದಲಾಯಿಸಬಹುದು, ಯಾವ ಮಿತಿಗಳನ್ನು ಮೀರಬಾರದು ಎಂಬ ಮೂರು ಸಂಗತಿಗಳನ್ನು ಸಾಲ್ವರಿಗೆ ತಿಳಿಸಿದರೆ 4 ಮತ್ತು 6 ಎಂಬ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಕೈಲೆಕ್ಕದ ಉತ್ತರವೇ ಬಂದುದನ್ನು ನೋಡಿ ವಿದ್ಯಾರ್ಥಿಗೆ ಯಂತ್ರದಲ್ಲಿ ನಂಬಿಕೆ ಹುಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ತನ್ನಲ್ಲಿಯೇ ನಂಬಿಕೆ ಹುಟ್ಟುತ್ತದೆ.

ಯಂತ್ರವು ನಡೆಯುವ ದಾರಿ

ಯಂತ್ರ ಈ ಉತ್ತರವನ್ನು ಹೇಗೆ ಕಂಡುಹಿಡಿಯಿತು? ಇದಕ್ಕೆ ಅಮೆರಿಕದ ಜಾರ್ಜ್ ಡ್ಯಾಂಟ್ಸಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನವು ಇಂದಿಗೂ ಬಳಕೆಯಲ್ಲಿದೆ. ಅದರ ತತ್ತ್ವ ಸರಳ. ಒಂದು ಮೂಲೆಯಲ್ಲಿ ನಿಂತು ನೆರೆಯ ಮೂಲೆಗಳ ಕಡೆಗೆ ನೋಡು. ಆದಾಯ ಏರುವ ಅಂಚನ್ನು ಹಿಡಿದು ಮುಂದಿನ ಮೂಲೆಗೆ ಹೋಗು. ಯಾವ ಕಡೆಗೂ ಏರಿಕೆ ಇಲ್ಲವಾದಾಗ ನಿಲ್ಲು. ನಮ್ಮ ಲೆಕ್ಕದಲ್ಲಿ ಸೊನ್ನೆಯ ಮೂಲೆಯಿಂದ ಹೊರಟು 1,68,000ಕ್ಕೆ, ಅಲ್ಲಿಂದ 2,04,000ಕ್ಕೆ ಬಂದಾಗ ಮುಂದಿನ ಮೂಲೆಯಲ್ಲಿರುವುದು 1,92,000. ಆದುದರಿಂದ ನಿಲ್ಲಬೇಕು. ಕತ್ತಲಲ್ಲಿ ಗುಡ್ಡ ಹತ್ತುವವನು ಕಾಲಿಗೆ ಏರು ತಗಲುವವರೆಗೆ ನಡೆದು, ನಾಲ್ಕು ಕಡೆಗೂ ಇಳಿಜಾರೇ ತಗಲಿದಾಗ ನೆತ್ತಿ ಮುಟ್ಟಿದೆನೆಂದು ತಿಳಿಯುವಂತೆ ಇದು. ಬೇರೆ ಗುಡ್ಡಗಳಲ್ಲಿ ಹೀಗೆ ಮೋಸಹೋಗಬಹುದು; ರೇಖಾತ್ಮಕ ಗುಡ್ಡಕ್ಕೆ ಸುಳ್ಳು ನೆತ್ತಿಯೇ ಇಲ್ಲ.

ಪ್ರೋಗ್ರಾಮಿಂಗ್ ಎಂಬ ಮಾತು ಇಲ್ಲಿ ಗಣಕಯಂತ್ರದ ಕ್ರಮವಿಧಿಯನ್ನು ಸೂಚಿಸುವುದಿಲ್ಲವೆಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸಬೇಕು. ಡ್ಯಾಂಟ್ಸಿಗ್ ಅವರು ಅಮೆರಿಕದ ವಾಯುಸೇನೆಗಾಗಿ ಕೆಲಸ ಮಾಡುತ್ತಿದ್ದರು. ಅಲ್ಲಿ ತರಬೇತಿ, ಸಾಗಣೆ ಮೊದಲಾದುವುಗಳ ಯೋಜನೆಗೆ ಪ್ರೋಗ್ರಾಮ್ ಎಂಬ ಹೆಸರಿತ್ತು. ಅವರಿಗಿಂತ ಮೊದಲೇ, 1939ರಲ್ಲಿ, ಲೆನಿನ್‌ಗ್ರಾಡಿನ ಕಾಂಟೊರೊವಿಚ್ ಎಂಬ ಗಣಿತಜ್ಞರು ಪ್ಲೈವುಡ್ ಉದ್ಯಮದ ಯಂತ್ರಗಳಿಗೆ ಕೆಲಸ ಹಂಚುವ ಪ್ರಶ್ನೆಯಿಂದ ಹೊರಟು ಇದೇ ಬಗೆಯ ಗಣಿತವನ್ನು ಬೆಳೆಸಿದ್ದರು. 1975ರಲ್ಲಿ ಅವರಿಗೂ ಕೂಪ್‌ಮನ್ಸ್ ಅವರಿಗೂ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಗಣಕಯಂತ್ರ ಏಕೆ ಬೇಕಾಯಿತೆಂಬುದಕ್ಕೆ ಒಂದು ಕಥೆಯುಂಟು. ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞರು 1945ರಲ್ಲಿ ಒಂದು ಪ್ರಶ್ನೆ ಕೇಳಿದರು: 77 ಬಗೆಯ ಆಹಾರಗಳಿಂದ ಆಯ್ದು, 9 ಪೋಷಕಾಂಶಗಳಿಗೆ ಕೊರತೆಯಾಗದಂತೆ ಒಬ್ಬನು ವರ್ಷವಿಡೀ ಉಣ್ಣಬೇಕಾದರೆ ಕನಿಷ್ಠ ವೆಚ್ಚವೆಷ್ಟು? ಜಾಣತನದಿಂದ ಊಹಿಸಿ ಅವರು ಕಂಡುಕೊಂಡ ಉತ್ತರ, 1939ರ ಬೆಲೆಗಳಲ್ಲಿ, 39.93 ಡಾಲರು. 1947ರಲ್ಲಿ ಸಿಂಪ್ಲೆಕ್ಸ್ ವಿಧಾನವನ್ನು ಪರೀಕ್ಷಿಸಲು ಇದೇ ಲೆಕ್ಕವನ್ನು ಕೈಗೆತ್ತಿಕೊಂಡಾಗ ಒಂಬತ್ತು ಮಂದಿ ಗುಮಾಸ್ತರು ಮೇಜಿನ ಮೇಲಿನ ಕೈಯಂತ್ರಗಳಿಂದ ಗುಣಿಸಿ ಕೂಡಿ, ಒಟ್ಟು ಸುಮಾರು 120 ಆಳಿನ ದಿನಗಳನ್ನು ವ್ಯಯಮಾಡಿದರು. ದೊರೆತ ಉತ್ತರ 39.69 ಡಾಲರು. ಸ್ಟಿಗ್ಲರ್ ಅವರ ಊಹೆಗೂ ಅದಕ್ಕೂ ವರ್ಷಕ್ಕೆ 24 ಸೆಂಟುಗಳ ಅಂತರ ಮಾತ್ರ! ಇಂದು ಈ ಲೆಕ್ಕವನ್ನು ಶಾಲೆಯ ಗಣಕಯಂತ್ರವೂ ಕ್ಷಣಮಾತ್ರದಲ್ಲಿ ಮಾಡುತ್ತದೆ. ಅನುಭವಿಯ ಊಹೆಯನ್ನು ಹಳಿಯಬಾರದೆಂಬುದೂ, ಊಹೆ ಎಷ್ಟು ಸರಿಯೆಂದು ತಿಳಿಯುವುದಕ್ಕೂ ಲೆಕ್ಕವೇ ಬೇಕೆಂಬುದೂ ಈ ಕಥೆಯ ಎರಡು ನೀತಿಗಳು.

ಗ್ವಾಲಿಯರಿನಲ್ಲಿ ಹುಟ್ಟಿದ ನಮ್ಮ ದೇಶದ ನರೇಂದ್ರ ಕರ್ಮಾರ್ಕರ್ ಅವರು 1984ರಲ್ಲಿ ಮತ್ತೊಂದು ದಾರಿ ತೋರಿಸಿದರು. ಅವರ ವಿಧಾನವು ಮೂಲೆಯಿಂದ ಮೂಲೆಗೆ ಅಂಚಿನ ಮೇಲೆ ನಡೆಯದೆ, ಆಕೃತಿಯ ಒಳಗಿನಿಂದಲೇ ಗುರಿಯ ಕಡೆಗೆ ಸಾಗುತ್ತದೆ. ಬಹು ದೊಡ್ಡ ಲೆಕ್ಕಗಳಿಗೆ ಇಂದು ಈ ಎರಡು ಮಾರ್ಗಗಳೂ ಬಳಕೆಯಲ್ಲಿವೆ.

ನೀರಿನ ನೆರಳು ಬೆಲೆ

ಪಾಠ ಇಲ್ಲಿಗೇ ನಿಂತರೆ ಗಣಕಯಂತ್ರವು ಶೀಘ್ರ ಗುಮಾಸ್ತನಾಯಿತಷ್ಟೆ. ಮುಂದಿನ ಪ್ರಶ್ನೆಯನ್ನು ಕೇಳಬೇಕು: ಇನ್ನೊಂದು ಪಾಲು ನೀರು ದೊರೆತರೆ ಈ ಮನೆಗೆ ಎಷ್ಟು ಲಾಭ? ಸಾಲ್ವರಿನಲ್ಲಿ 14ರ ಬದಲು 15 ಎಂದು ಬರೆದು ನೋಡಿದರೆ ಉತ್ತರ 5 ಎಕರೆ ಭತ್ತ, 5 ಎಕರೆ ಹತ್ತಿ, ಆದಾಯ 2,10,000. ಆದುದರಿಂದ ಆ ಒಂದು ಪಾಲಿನ ಬೆಲೆ 6,000 ರೂಪಾಯಿ. ಪೇಟೆಯಲ್ಲಿ ಯಾರೂ ಹೇಳದ, ಆದರೆ ಲೆಕ್ಕದೊಳಗೆ ಅಡಗಿರುವ ಈ ಬೆಲೆಗೆ ನೆರಳು ಬೆಲೆಯೆಂದು ಹೆಸರು. ಆಳುಗಳ ನೆರಳು ಬೆಲೆಯನ್ನು ಹೀಗೆಯೇ ಹುಡುಕಿದರೆ ಅದು ಸೊನ್ನೆ: 540 ದಿನಗಳಲ್ಲಿ 480 ಮಾತ್ರ ಬಳಕೆಯಾಗಿವೆ, ಇನ್ನಷ್ಟು ಆಳುಗಳು ಬಂದರೂ ಪ್ರಯೋಜನವಿಲ್ಲ.

ಈಗ ನೀರನ್ನು ಒಂದೊಂದೇ ಪಾಲು ಕಡಮೆಮಾಡುತ್ತ ಹೋಗುವಂತೆ ವಿದ್ಯಾರ್ಥಿಗೆ ಹೇಳಬೇಕು. ಕೈಯಲ್ಲಿ ಈ ಲೆಕ್ಕ ಬೇಸರದ್ದು. ಯಂತ್ರದಲ್ಲಿ ಹತ್ತು ನಿಮಿಷದ ಕೆಲಸ. 20 ಪಾಲಿನಿಂದ 12 ಪಾಲಿನವರೆಗೆ ಪ್ರತಿ ಪಾಲಿನ ಬೆಲೆ 6,000 ರೂಪಾಯಿಯೇ. 12ರಿಂದ 9ರವರೆಗೆ ಅದು 10,000ಕ್ಕೆ ಏರುತ್ತದೆ. 9ಕ್ಕಿಂತ ಕೆಳಗೆ 18,000. ಅತ್ತ 20 ಪಾಲು ದೊರೆತರೆ ಹತ್ತೂ ಎಕರೆ ಭತ್ತ, 2,40,000 ರೂಪಾಯಿ ಆದಾಯ. ಅದರಾಚೆಗೆ ನೀರಿಗೆ ಬೆಲೆಯೇ ಇಲ್ಲ. ನೀರು ಹೆಚ್ಚಿರುವವನಿಗೆ ಮತ್ತೊಂದು ಪಾಲು ಅಲ್ಪಲಾಭ. ಕಡಮೆಯಿರುವವನಿಗೆ ಅದೇ ಪಾಲು ಮೂರರಷ್ಟು ಬೆಲೆಬಾಳುತ್ತದೆ. ಈ ಒಂದು ಸಂಗತಿಯಿಂದ ಕಾಲುವೆಯ ಇಡೀ ವ್ಯಾಜ್ಯ ತಿಳಿಯಬರುತ್ತದೆ.

ಮೇಲಿನ ಹೊಲ, ಕೆಳಗಿನ ಹೊಲ

ಈಗ ಒಂದು ಕಾಲುವೆಯ ಮೇಲೆ ಇಂಥ ಎರಡು ಹೊಲಗಳನ್ನು ಊಹಿಸೋಣ: ಒಂದು ಮೇಲಿನ ತೂಬಿನಲ್ಲಿ, ಒಂದು ಕೊನೆಯ ತೂಬಿನಲ್ಲಿ. ಎರಡಕ್ಕೂ ಸೇರಿ 28 ಪಾಲು ನೀರು. ಆದರೆ ಕೆಳಕ್ಕೆ ಬಿಟ್ಟ ನೀರಿನಲ್ಲಿ ಕಾಲುಭಾಗ ದಾರಿಯಲ್ಲಿಯೇ ಇಂಗಿಹೋಗುತ್ತದೆ. ನಾಲ್ಕು ಪಾಲು ಕಳುಹಿಸಿದರೆ ಮೂರು ತಲುಪುತ್ತದೆ. ಎರಡು ಹೊಲ, ಎರಡು ಬೆಳೆ: ಅಜ್ಞಾತಗಳು ನಾಲ್ಕಾದುವು. ನಾಲ್ಕು ಅಜ್ಞಾತಗಳ ಚಿತ್ರವನ್ನು ಯಾವ ಕಾಗದದ ಮೇಲೂ ಎಳೆಯಲಾಗದು. ಐದು ನಿರ್ಬಂಧಗಳೂ ‘ಸೊನ್ನೆಗಿಂತ ಕಡಮೆಯಾಗಬಾರದು’ ಎಂಬ ನಾಲ್ಕೂ ಸೇರಿ ಒಂಬತ್ತು; ಇವುಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿ ಮೂಲೆಗಳನ್ನು ಹುಡುಕಹೊರಟರೆ 126 ಆಯ್ಕೆಗಳು. ಇಪ್ಪತ್ತು ಅಜ್ಞಾತಗಳೂ ಇಪ್ಪತ್ತು ನಿರ್ಬಂಧಗಳೂ ಇದ್ದರೆ ಈ ಆಯ್ಕೆಗಳು 13,000 ಕೋಟಿಯನ್ನು ಮೀರುತ್ತವೆ. ಗಣಕಯಂತ್ರಕ್ಕೆ ಶರಣಾಗಬೇಕಾದುದು ಇಲ್ಲಿ. ಅದೂ, ಎರಡು ಅಜ್ಞಾತಗಳ ಚಿತ್ರದಿಂದ ತತ್ತ್ವವನ್ನು ಅರಿತುಕೊಂಡ ಮೇಲೆ.

ಮೊದಲು ಯೋಜನೆಯೇ ಇಲ್ಲದ ಸ್ಥಿತಿಯನ್ನು ನೋಡೋಣ. ಮೇಲಿನವನು ತನಗೆ ಬೇಕಾದ 20 ಪಾಲನ್ನೂ ಹರಿಸಿಕೊಂಡು ಹತ್ತೂ ಎಕರೆ ಭತ್ತ ಬೆಳೆದರೆ ಅವನಿಗೆ 2,40,000. ಉಳಿದ 8 ಪಾಲಿನಲ್ಲಿ ಕೆಳಗಿನವನಿಗೆ ತಲುಪುವುದು 6. ಅವನು 6 ಎಕರೆ ಹತ್ತಿ ಬೆಳೆದು, ನಾಲ್ಕು ಎಕರೆ ಬೀಳುಬಿಟ್ಟು, 1,08,000 ಪಡೆಯುತ್ತಾನೆ. ಇಬ್ಬರದೂ ಸೇರಿ 3,48,000. ಈಗ ಒಟ್ಟು ಆದಾಯ ಹೆಚ್ಚಬೇಕೆಂದು ಸಾಲ್ವರಿಗೆ ಒಪ್ಪಿಸಿದರೆ ಅದು ಮೇಲಿನವನಿಗೆ 12 ಪಾಲು ಕೊಟ್ಟು, 16 ಪಾಲನ್ನು ಕೆಳಕ್ಕೆ ಕಳುಹಿಸುತ್ತದೆ. ಅಲ್ಲಿಗೂ ತಲುಪುವುದು 12. ಇಬ್ಬರೂ 2 ಎಕರೆ ಭತ್ತ, 8 ಎಕರೆ ಹತ್ತಿ ಬೆಳೆದು ತಲಾ 1,92,000 ಪಡೆಯುತ್ತಾರೆ. ಒಟ್ಟು 3,84,000. ಸಮಪಾಲು ಕೊಡಬೇಕೆಂದು ನಾವು ಯಂತ್ರಕ್ಕೆ ಹೇಳಿರಲಿಲ್ಲ. ಹಣವನ್ನು ಹೆಚ್ಚಿಸೆಂದು ಮಾತ್ರ ಹೇಳಿದ್ದೆವು. ಕಾಲುಭಾಗ ಇಂಗಿಹೋದರೂ ನೀರನ್ನು ಕೊನೆಯವರೆಗೆ ಒಯ್ಯುವುದೇ ಲಾಭವೆಂದು ಲೆಕ್ಕ ತಾನಾಗಿ ತೋರಿಸಿತು. ಮೇಲಿನವನು 48,000 ಹೆಚ್ಚಿಗೆ ಗಳಿಸುವುದಕ್ಕಾಗಿ ಕೆಳಗಿನವನು 84,000 ಕಳೆದುಕೊಳ್ಳುತ್ತಿದ್ದನು.

ಇನ್ನು ಬರಗಾಲ. ನೀರು ಅರ್ಧಕ್ಕಿಳಿದು 14 ಪಾಲು ಮಾತ್ರ ಬಂದಿದೆ. ಮೇಲಿನವನೇ ಎಲ್ಲವನ್ನೂ ಬಳಸಿದರೆ ಅವನಿಗೆ 2,04,000, ಕೆಳಗಿನವನಿಗೆ ಸೊನ್ನೆ. ಸಾಲ್ವರಿನ ಉತ್ತರ ಬೇರೆ: ಮೇಲೆ 9 ಪಾಲಿನಿಂದ 9 ಎಕರೆ ಹತ್ತಿ, 1,62,000, ಕೆಳಗೆ ತಲುಪುವ 3.75 ಪಾಲಿನಿಂದ ಅಷ್ಟೇ ಎಕರೆ ಹತ್ತಿ, 67,500. ಒಟ್ಟು 2,29,500. ಹಣದ ಲೆಕ್ಕಕ್ಕೆ ಇದೇ ಅತ್ಯುತ್ತಮ. ಆದರೆ ಈ ಸಲ ಯಂತ್ರ ಸಮಪಾಲನ್ನು ಹೇಳಲಿಲ್ಲ. ಬರಗಾಲದಲ್ಲಿ ಇಂಗುವ ನೀರು ದುಬಾರಿ. ಆದುದರಿಂದ ಅದು ಹತ್ತಿರದವನ ಪಕ್ಷ ವಹಿಸಿತು. ಇಬ್ಬರ ಹೊಲಕ್ಕೂ ಸಮನಾಗಿ ನೀರು ತಲುಪಬೇಕೆಂಬ ಇನ್ನೊಂದು ನಿರ್ಬಂಧವನ್ನು ನಾವೇ ಸೇರಿಸಿದರೆ, ಮೇಲೆ 6 ಪಾಲು, ಕೆಳಕ್ಕೆ ಕಳುಹಿಸುವುದು 8, ತಲುಪುವುದು 6. ಇಬ್ಬರಿಗೂ ತಲಾ 1,08,000, ಒಟ್ಟು 2,16,000. ನ್ಯಾಯಕ್ಕಾಗಿ ತೆತ್ತ ಬೆಲೆ 13,500 ರೂಪಾಯಿ. ಆದರೂ ಈ ಮೊತ್ತ, ಮೇಲಿನವನೊಬ್ಬನೇ ನೀರು ಹಿಡಿದಾಗ ಬಂದ 2,04,000ಕ್ಕಿಂತ ಹೆಚ್ಚು!

ಈ ಪಾಠದ ತಿರುಳು ಇಲ್ಲಿದೆ. ಗುರಿಯೇನು, ನಿರ್ಬಂಧಗಳೇನು ಎಂಬುದನ್ನು ಯಂತ್ರ ತಾನಾಗಿ ತಿಳಿಯದು. ಕೊನೆಯ ತೂಬಿನ ಹೊಲವನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಅದು ಮೇಲಿನ ಹೊಲಕ್ಕೆ ಮಾತ್ರ ಅತ್ಯುತ್ತಮ ಉತ್ತರವನ್ನು, ಅಷ್ಟೇ ಶೀಘ್ರವಾಗಿ, ಅಷ್ಟೇ ನಿಶ್ಚಯದಿಂದ ಕೊಡುತ್ತದೆ. ಉತ್ತರದ ನಿಖರತೆಯಿಂದ ಪ್ರಶ್ನೆಯ ಪ್ರಾಮಾಣಿಕತೆ ಸಿದ್ಧವಾಗುವುದಿಲ್ಲ.

ಇದು ಶಾಲೆಯ ಕಲ್ಪನೆ ಮಾತ್ರವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ವೇದುಲ ಅವರೂ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪೀಟರ್ ರೋಜರ್ಸ್ ಅವರೂ 1981ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರಲ್ಲಿ ನಮ್ಮ ಮೇಲ್ಕಾವೇರಿ ಪ್ರದೇಶದ ನೀರಾವರಿಯನ್ನು ಇದೇ ರೇಖಾತ್ಮಕ ವಿಧಾನದಿಂದ ಪರಿಶೀಲಿಸಿದರು. ಅವರು ಒಂದು ಗುರಿಯನ್ನಲ್ಲ, ಎರಡನ್ನು ಇಟ್ಟುಕೊಂಡರು: ನಿವ್ವಳ ಆದಾಯವನ್ನು ಹೆಚ್ಚಿಸುವುದು ಒಂದು, ನೀರು ಕಾಣುವ ನೆಲದ ವಿಸ್ತಾರವನ್ನು ಹೆಚ್ಚಿಸುವುದು ಇನ್ನೊಂದು. ಒಂದನ್ನು ಹಿಡಿದರೆ ಇನ್ನೊಂದನ್ನು ಎಷ್ಟು ಬಿಡಬೇಕಾಗುತ್ತದೆಂಬುದನ್ನು ಗಣಿತ ತೋರಿಸಬಲ್ಲುದು. ಯಾವುದನ್ನು ಹಿಡಿಯಬೇಕೆಂಬುದನ್ನು ಜನರೇ ನಿರ್ಧರಿಸಬೇಕು.

ಲೆಕ್ಕದ ಹೊರಗೆ ಉಳಿದುದು

ನಮ್ಮ ಲೆಕ್ಕದ ಮಿತಿಗಳನ್ನೂ ಹೇಳದಿದ್ದರೆ ವಾಚಕರಿಗೆ ಮೋಸಮಾಡಿದಂತಾಗುತ್ತದೆ. ಎಲ್ಲರೂ ಹತ್ತಿಯನ್ನೇ ಬೆಳೆದರೆ ಪೇಟೆಯಲ್ಲಿ ಅದರ ಧಾರಣೆ ಇಳಿಯಬಹುದು. ಆಗ ಎಕರೆಗೆ 18,000 ಎಂಬುದು ನಿಲ್ಲದು, ಗೆರೆಯೂ ನೇರವಾಗಿ ಉಳಿಯದು. ಸುತ್ತಲೂ ಭತ್ತದ ಗದ್ದೆಗಳಿರುವಾಗ ನಡುವಿನ ಹೊಲಕ್ಕೆ ಬಸಿನೀರು ನುಗ್ಗಿ ಹತ್ತಿ ಕೆಡುವುದರಿಂದ, ಇಷ್ಟವಿಲ್ಲದವನೂ ಭತ್ತಕ್ಕೇ ತಿರುಗಬೇಕಾಗುತ್ತದೆ. ಎರೆಮಣ್ಣಿನಲ್ಲಿ ವರ್ಷವರ್ಷವೂ ನೀರು ನಿಂತರೆ ನೆಲ ಸವುಳುಜವುಳಾಗುವುದನ್ನೂ ಒಂದು ವರ್ಷದ ಆದಾಯದ ಗುರಿಯು ಕಾಣದು. ನೀರು ಎಂದು ಬರುತ್ತದೆಂಬ ಅನಿಶ್ಚಯವೂ ನಮ್ಮ ಸಮೀಕರಣಗಳಲ್ಲಿಲ್ಲ. ಇವುಗಳಲ್ಲಿ ಕೆಲವನ್ನು ಹೊಸ ನಿರ್ಬಂಧಗಳಾಗಿ ಬರೆಯಬಹುದು. ಕೆಲವಕ್ಕೆ ಬೇರೆ ಗಣಿತವೇ ಬೇಕು. ಈ ಪಟ್ಟಿಯನ್ನು ಮಾಡುವುದಕ್ಕೆ ಬಳಗಾನೂರಿನ ಕಡೆಯ ಹೊಲಗಳಿಂದ ಬಂದ ವಿದ್ಯಾರ್ಥಿಯು ಅನೇಕ ವೇಳೆ ತನ್ನ ಗುರುವಿಗಿಂತ ಹೆಚ್ಚು ಸಮರ್ಥನಾಗಿರುತ್ತಾನೆ.

ಆದುದರಿಂದ ಶಿಕ್ಷಕರಲ್ಲಿ ನಮ್ಮ ಸೂಚನೆ ಇಷ್ಟು. ಮೊದಲು ಕೈಯಿಂದ ಗೆರೆ. ಅನಂತರ ಗೆರೆಯನ್ನು ಅಲುಗಾಡಿಸುವ ತಂತ್ರಾಂಶ. ಕೊನೆಗೆ ಚಿತ್ರಕ್ಕೆ ನಿಲುಕದ ಲೆಕ್ಕಗಳಿಗಾಗಿ ಸಾಲ್ವರ್. ಪ್ರತಿಯೊಂದು ಹಂತದಲ್ಲಿಯೂ ಉತ್ತರ ಬರುವ ಮೊದಲು ವಿದ್ಯಾರ್ಥಿಯು ತನ್ನ ಊಹೆಯನ್ನು ಬರೆದಿಡಲಿ. ಬಂದ ಮೇಲೆ, ಹೀಗೇಕೆ ಬಂದಿತೆಂದು ಒಂದು ವಾಕ್ಯದಲ್ಲಿ ಹೇಳಲಿ. ಗಣಕಯಂತ್ರವಿಲ್ಲದ ಶಾಲೆಯವರು ಮೊದಲನೆಯ ಹಂತವನ್ನಾದರೂ ತಮ್ಮೂರಿನ ಅಂಕಿಗಳಿಂದ ಮಾಡಬಹುದು. ಅದಕ್ಕೆ ಬೇಕಾದುದು ಒಂದು ಹಾಳೆ ಗ್ರಾಫ್ ಕಾಗದ ಮಾತ್ರ.

ಕಾಲುವೆಗೆ ನೀರು ಬಿಟ್ಟ ದಿನ ಮೇಲಿನ ಹೊಲದ ಹುಡುಗನೂ ಕೆಳಗಿನ ಹೊಲದ ಹುಡುಗಿಯೂ ಒಂದೇ ತರಗತಿಯಲ್ಲಿ, ಒಂದೇ ಗಣಕಯಂತ್ರದ ಮುಂದೆ ಕುಳಿತು, 28 ಪಾಲು ನೀರನ್ನು ಹಂಚುವ ಈ ಲೆಕ್ಕವನ್ನು ಮಾಡಲಿ. ಉತ್ತರ ಕೊಡುವುದು ಯಂತ್ರವೇ ಆದರೂ, ನೀರು ಯಾರ ಯಾರ ಹೊಲಕ್ಕೆ ತಲುಪಬೇಕೆಂಬುದನ್ನು ಕೋಶಗಳಲ್ಲಿ ತುಂಬಿಸುವವರು ಅವರಿಬ್ಬರೇ ಅಲ್ಲವೆ?